ಗಲ್ಫಿಗೆ ಹೊರಟ ಮಗುವಿಗೆ ಯಾವ ಶಾಲೆ, ಯಾವ ಕ್ಲಾಸು?

ಕಾಸರಗೋಡು: ಮಾರ್ಚ್ ತಿಂಗಳಲ್ಲಿ ವಾರ್ಷಿಕ ಪರೀಕ್ಷೆ ಮುಗಿಯುವ ಹೊತ್ತಿಗೆ ಗಡಿನಾಡಿನ ಕನ್ನಡ ಶಾಲೆಗಳ ಆಫೀಸು ಕೋಣೆಗೆ ಪಾಸ್‌ಪೋರ್ಟಿನ ಜೆರಾಕ್ಸ್ ಹಿಡಿದುಕೊಂಡು ಬರುವ ಹೆತ್ತವರು ಇದ್ದೇ ಇರುತ್ತಾರೆ. "ಮಾಸ್ಟ್ರೇ, ಮಗುವಿನ ಟಿಸಿ ಬೇಕಿತ್ತು. ಅಪ್ಪನಿಗೆ ಫ್ಯಾಮಿಲಿ ವೀಸಾ ಆಗಿದೆ" ಎಂಬುದು ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಹೆಡ್‌ಮಾಸ್ಟ್ರುಗಳಿಗೆ ಹೊಸ ಮಾತೇನಲ್ಲ. ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ವಿಮಾನ ಹತ್ತಿದರೆ ನಾಲ್ಕು ಗಂಟೆಯೊಳಗೆ ದುಬೈ. ಆದರೆ ಊರ ಕನ್ನಡ ಶಾಲೆಯ ಬೆಂಚಿನಿಂದ ಅಲ್ಲಿನ ಶಾಲೆಯ ಬೆಂಚಿಗೆ ಇರುವ ದೂರ ಅದಕ್ಕಿಂತ ಬಹಳ ಹೆಚ್ಚು.

ಟಿಕೆಟು, ಬಾಡಿಗೆ ಮನೆ, ವೀಸಾ ಇವುಗಳ ಬಗ್ಗೆ ಹತ್ತು ಜನರನ್ನು ಕೇಳುವ ಹೆತ್ತವರು ಶಾಲೆಯ ವಿಷಯ ಬಂದಾಗ ಮಾತ್ರ "ಅಲ್ಲಿ ಹೋಗಿ ನೋಡಿದರಾಯಿತು" ಎನ್ನುವುದುಂಟು. ಮಗು ಯಾವ ಪಠ್ಯಕ್ರಮದ ಶಾಲೆಗೆ ಸೇರಬೇಕು, ಯಾವ ಕ್ಲಾಸಿನಲ್ಲಿ ಕುಳಿತುಕೊಳ್ಳಬೇಕು ಎಂಬ ಎರಡು ತೀರ್ಮಾನಗಳು ಮುಂದಿನ ಹತ್ತು ವರ್ಷಗಳ ಮೇಲೆ ಪರಿಣಾಮ ಬೀರುತ್ತವೆ. ಅಲ್ಲಿ ಎಷ್ಟು ವರ್ಷ ದುಡಿದರೂ ನಮ್ಮವರಲ್ಲಿ ಹೆಚ್ಚಿನವರದು ವಾಸದ ವೀಸಾದ ಮೇಲಿನ ಬದುಕು. ಒಂದಲ್ಲ ಒಂದು ದಿನ ಮಗು ಊರಿಗೆ ಮರಳಬೇಕು. ಆದ್ದರಿಂದ ಹೋಗುವ ಶಾಲೆಯನ್ನು ಆರಿಸುವಾಗಲೇ ಮರಳಿ ಬರುವ ದಾರಿಯನ್ನೂ ನೋಡಿಕೊಳ್ಳುವುದು ಜಾಣತನ.

ಒಂದೇ ಮಗು, ಎರಡು ಲೆಕ್ಕ

ಮೊದಲ ಗೊಂದಲ ಪ್ರಾಯದ್ದು. ಕೇರಳದಲ್ಲಿ ಜೂನ್ 1ಕ್ಕೆ ಐದು ವರ್ಷ ತುಂಬಿದ ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸುವುದು ಬಹುಕಾಲದ ರೂಢಿ. ಇದನ್ನು 2026-27ರಿಂದ ಆರು ವರ್ಷಕ್ಕೆ ಏರಿಸುವುದಾಗಿ ರಾಜ್ಯದ ಶಿಕ್ಷಣ ಸಚಿವರಾಗಿದ್ದ ವಿ. ಶಿವನ್‌ಕುಟ್ಟಿ 2025ರಲ್ಲಿ ಪ್ರಕಟಿಸಿದ್ದರು. ಅದಕ್ಕೆ ಮುಂಚೆ ಸೇರಿದ ಮಕ್ಕಳೆಲ್ಲ ಹಳೆಯ ಲೆಕ್ಕದವರು. ಯುಎಇಯಲ್ಲಿ ಏಪ್ರಿಲಿನಲ್ಲಿ ಆರಂಭವಾಗುವ ಭಾರತೀಯ ಪಠ್ಯಕ್ರಮದ ಶಾಲೆಗಳು ಮಾರ್ಚ್ 31ರ ದಿನವನ್ನು ಹಿಡಿದು ಪ್ರಾಯ ಎಣಿಸುತ್ತವೆ. ಆ ದಿನಕ್ಕೆ ನಾಲ್ಕು ತುಂಬಿದ್ದರೆ ಕೆಜಿ 1, ಐದು ತುಂಬಿದ್ದರೆ ಕೆಜಿ 2, ಆರು ತುಂಬಿದ್ದರೆ ಗ್ರೇಡ್ 1.

ಉದಾಹರಣೆಗೆ, 2017ರ ಸೆಪ್ಟೆಂಬರ್ 20ರಂದು ಹುಟ್ಟಿದ ಮಗು ಎಂದಿಟ್ಟುಕೊಳ್ಳೋಣ. ಊರಲ್ಲಿ ಅದು 2023ರ ಜೂನಿನಲ್ಲಿ ಒಂದನೇ ಕ್ಲಾಸಿಗೆ ಸೇರಿರುತ್ತದೆ. ದುಬೈಯ ಲೆಕ್ಕದಲ್ಲಿ ಅದೇ ಮಗುವಿಗೆ ಮಾರ್ಚ್ 31ಕ್ಕೆ ಆರು ತುಂಬುವುದು 2024ರಲ್ಲಿ. ಅಂದರೆ ಊರಲ್ಲಿ 2026-27ರಲ್ಲಿ ನಾಲ್ಕನೇ ಕ್ಲಾಸಿನಲ್ಲಿರುವ ಮಗು ಅಲ್ಲಿನ ಪ್ರಾಯದ ಲೆಕ್ಕದಲ್ಲಿ ಗ್ರೇಡ್ 3ರ ಮಗು. ಏಪ್ರಿಲ್, ಮೇ ತಿಂಗಳಲ್ಲಿ ಹುಟ್ಟಿ ಐದು ತುಂಬಿದ ಕೂಡಲೇ ಶಾಲೆಗೆ ಸೇರಿದ ಮಕ್ಕಳಲ್ಲಿ ಈ ಅಂತರ ಎರಡು ವರ್ಷದ ತನಕ ಹೋಗುತ್ತದೆ.

ಇಷ್ಟಕ್ಕೇ ಗಾಬರಿ ಬೀಳಬೇಕಾಗಿಲ್ಲ. ಪ್ರಾಯದ ನಿಯಮ ಬಿಗಿಯಾಗಿರುವುದು ಕೆಜಿ ಮತ್ತು ಒಂದನೇ ಗ್ರೇಡಿಗೆ ಹೊಸದಾಗಿ ಸೇರುವವರಿಗೆ. ಮೇಲಿನ ಕ್ಲಾಸುಗಳಿಗೆ ಟಿಸಿ ಮತ್ತು ಅಂಕಪಟ್ಟಿ ನೋಡಿ, ಒಂದು ಪ್ರವೇಶ ಪರೀಕ್ಷೆ ಮಾಡಿ, ಮುಂದಿನ ಗ್ರೇಡಿಗೆ ತೆಗೆದುಕೊಳ್ಳುವುದು ಸಾಮಾನ್ಯ ಕ್ರಮ. ಆದರೆ ಸೀಟು ಸಿಕ್ಕಿತೆಂದ ಮಾತ್ರಕ್ಕೆ ಅದೇ ಸರಿಯಾದ ಕ್ಲಾಸು ಎನ್ನುವಂತಿಲ್ಲ. ಅಲ್ಲಿ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳುವವರು ಅದಕ್ಕಿಂತ ಒಂದು ವರ್ಷ ದೊಡ್ಡವರು, ಮೇಲಾಗಿ ಕೆಜಿಯಿಂದಲೇ ಇಂಗ್ಲಿಷಿನಲ್ಲಿ ಕಲಿತವರು. "ಒಂದು ವರ್ಷ ಹಾಳಾಗುತ್ತದಲ್ಲ" ಎಂದು ಹೆತ್ತವರು ಹಠ ಹಿಡಿಯುವುದು ಇಲ್ಲಿಯೇ. ಊರಲ್ಲಿ ಬೇಗ ಸೇರಿದ ಮಗು ಪ್ರಾಯಕ್ಕೆ ತಕ್ಕ ಗ್ರೇಡಿನಲ್ಲಿ ಕುಳಿತರೆ ಏನೂ ಹಾಳಾಗುವುದಿಲ್ಲ. ಒಂದು ವರ್ಷ ಮುಂದಿದ್ದದ್ದು ತನ್ನ ಪ್ರಾಯದವರ ಜತೆಗೆ ಬರುತ್ತದೆ, ಅಷ್ಟೇ. ಭಾಷೆ ಬದಲಾಗುವ ಮಗುವಿಗೆ ಆ ಒಂದು ವರ್ಷ ಉಸಿರಾಡಲು ಸಿಗುವ ಸಮಯ.

ಗ್ರೇಡ್ ಬೇರೆ, ಇಯರ್ ಬೇರೆ

ಎರಡನೇ ಗೊಂದಲ ಹೆಸರಿನದು. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲಿ ಗ್ರೇಡ್ 5 ಎಂದರೆ ನಮ್ಮ ಐದನೇ ಕ್ಲಾಸೇ. ಅಮೆರಿಕದ ಪಠ್ಯಕ್ರಮದಲ್ಲಿಯೂ ಗ್ರೇಡ್ ಎಂದೇ ಹೇಳುತ್ತಾರೆ. ಬ್ರಿಟಿಷ್ ಪಠ್ಯಕ್ರಮದಲ್ಲಿ ಅದು 'ಇಯರ್' ಆಗುತ್ತದೆ ಮತ್ತು ಸಂಖ್ಯೆ ಒಂದು ಹೆಚ್ಚು. ಇಯರ್ 6 ಎಂದರೆ ಗ್ರೇಡ್ 5ಕ್ಕೆ ಸಮ. ಇಯರ್ 11ರ ಕೊನೆಯಲ್ಲಿ ಬರುವ ಐಜಿಸಿಎಸ್‌ಇ ನಮ್ಮ ಹತ್ತನೇ ಕ್ಲಾಸಿನ ಹಂತದ್ದು, ಇಯರ್ 13ರ ಎ ಲೆವೆಲ್ ಪ್ಲಸ್ ಟು ಹಂತದ್ದು. ಊರಲ್ಲಿ ನಾಲ್ಕು ಮುಗಿಸಿದ ಮಗು 'ಇಯರ್ ಆರಕ್ಕೆ ಸೇರಿತು' ಎಂದು ನೆಂಟರಲ್ಲಿ ಹೇಳಿಕೊಂಡು ಖುಷಿ ಪಡುವ ಅಗತ್ಯವೂ ಇಲ್ಲ, ಇಯರ್ 5ಕ್ಕೆ ಹಾಕಿದರೆ ಅದನ್ನು ಐದನೇ ಕ್ಲಾಸೆಂದೇ ತಿಳಿದು ಸಹಿ ಮಾಡುವುದೂ ಸರಿಯಲ್ಲ. ಇಯರ್ 5 ಎಂದರೆ ಮಗು ಮತ್ತೆ ನಾಲ್ಕನೇ ಕ್ಲಾಸಿನ ಹಂತದಲ್ಲೇ ಕುಳಿತಂತೆ.

ಬ್ರಿಟಿಷ್, ಅಮೆರಿಕನ್ ಶಾಲೆಗಳ ವರ್ಷ ಆರಂಭವಾಗುವುದು ಆಗಸ್ಟ್ ಕೊನೆಗೆ. ಅವುಗಳಲ್ಲಿ ಪ್ರಾಯದ ಲೆಕ್ಕದ ದಿನ ಹಿಂದೆ ಆಗಸ್ಟ್ 31 ಆಗಿತ್ತು. 2026-27ರಿಂದ ಡಿಸೆಂಬರ್ 31ಕ್ಕೆ ಬದಲಾಯಿಸುವ ನಿರ್ಧಾರವನ್ನು ಯುಎಇ ಸರಕಾರ ಪ್ರಕಟಿಸಿದೆ. ಏಪ್ರಿಲಿನಲ್ಲಿ ತೆರೆಯುವ ಭಾರತೀಯ ಶಾಲೆಗಳಿಗೆ ಮಾರ್ಚ್ 31ರ ಲೆಕ್ಕವೇ. ಎರಡು ಮೂರು ವರ್ಷ ಮುಂಚೆ ಹೋದ ನೆಂಟರು ಹೇಳಿದ್ದನ್ನೇ ನಂಬಿ ಕೂತರೆ ಲೆಕ್ಕ ತಪ್ಪೀತು.

ಏಪ್ರಿಲ್ ತಪ್ಪಿದರೆ

ಕೇರಳದ ಶಾಲೆ ಮಾರ್ಚ್ ಕೊನೆಗೆ ಮುಚ್ಚಿ ಜೂನಿನಲ್ಲಿ ತೆರೆಯುತ್ತದೆ. ಗಲ್ಫಿನ ಭಾರತೀಯ ಶಾಲೆಗಳಲ್ಲಿ ಮಾರ್ಚಿನಲ್ಲಿ ವರ್ಷ ಮುಗಿದರೆ ಏಪ್ರಿಲಿನಲ್ಲಿ ಹೊಸ ವರ್ಷ ಶುರು. ದೊಡ್ಡ ರಜೆ ಸಿಗುವುದು ಜುಲೈ, ಆಗಸ್ಟ್ ತಿಂಗಳ ಕಡು ಬೇಸಗೆಯಲ್ಲಿ. "ಮಾವಿನ ಹಣ್ಣು ತಿಂದು, ಅಜ್ಜನ ಮನೆಯಲ್ಲಿ ನಾಲ್ಕು ದಿನ ಇದ್ದು, ಜೂನಿನಲ್ಲಿ ಹೋದರಾಯಿತು" ಎಂದುಕೊಂಡವರ ಮಕ್ಕಳು ಅಲ್ಲಿ ತಲುಪುವಾಗ ಎರಡು ತಿಂಗಳ ಪಾಠ ಮುಗಿದಿರುತ್ತದೆ. ಪುಸ್ತಕದ ಕಟ್ಟು ಬಿಚ್ಚುವ ಹೊತ್ತಿಗೆ ಬೇಸಗೆ ರಜೆ.

ವೀಸಾದ ಕೆಲಸವೂ ಸಮಯ ತೆಗೆದುಕೊಳ್ಳುತ್ತದೆ. ಕುಟುಂಬವನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ದಿರ್ಹಮ್ ಜತೆಗೆ ವಸತಿ ಇರಬೇಕೆಂಬ ನಿಯಮ 2019ರಲ್ಲಿ ಬಂತು. ನಂತರ ಎಮಿರೇಟ್ಸ್ ಐಡಿ, ಮನೆಯ ಬಾಡಿಗೆ ಕರಾರು ಹೀಗೆ ಒಂದರ ಹಿಂದೆ ಒಂದು. ಜನಪ್ರಿಯ ಭಾರತೀಯ ಶಾಲೆಗಳಲ್ಲಿ ಕೆಳಗಿನ ಕ್ಲಾಸಿನ ಸೀಟುಗಳು ಬೇಗ ತುಂಬುವುದರಿಂದ ಹಿಂದಿನ ವರ್ಷದ ಕೊನೆಗೇ ವಿಚಾರಿಸಿ ಹೆಸರು ಕೊಟ್ಟಿರಬೇಕು. ಏಪ್ರಿಲಿಗೆ ಮುಟ್ಟಲು ಆಗದಿದ್ದರೆ, ಆ ವರ್ಷ ಊರಲ್ಲೇ ಓದಿಸಿ ಮುಂದಿನ ಏಪ್ರಿಲಿಗೆ ಕರೆಸಿಕೊಳ್ಳುವುದೂ ಒಂದು ದಾರಿ. ವರ್ಷದ ನಡುವೆ ಮಗುವನ್ನು ಕಿತ್ತು ನೆಡುವುದಕ್ಕಿಂತ ಅದು ಎಷ್ಟೋ ಮೇಲು.

ಗೊತ್ತಿದ್ದೂ ಹೇಳಲಾಗದ ಮಗು

ಗಡಿನಾಡಿನ ಮಕ್ಕಳಿಗೆ ನಿಜವಾದ ಪರೀಕ್ಷೆ ಭಾಷೆಯದು. ಕನ್ನಡ ಮಾಧ್ಯಮದಲ್ಲಿ ಐದನೇ ಕ್ಲಾಸು ಓದಿದ ಮಗುವಿಗೆ ಭಿನ್ನರಾಶಿ ಕೂಡಿಸಲು ಗೊತ್ತು. ಆದರೆ 'ಫ್ರಾಕ್ಷನ್' ಎಂದರೆ ಅದೇ ಎಂದು ಗೊತ್ತಿರುವುದಿಲ್ಲ. ಲ.ಸಾ.ಅ. ಅಲ್ಲಿ ಎಲ್‌ಸಿಎಂ ಆಗಿರುತ್ತದೆ, ವಿಸ್ತೀರ್ಣ 'ಏರಿಯಾ' ಆಗಿರುತ್ತದೆ, ದ್ಯುತಿಸಂಶ್ಲೇಷಣೆ 'ಫೋಟೋಸಿಂಥೆಸಿಸ್' ಆಗಿರುತ್ತದೆ. ಪ್ರವೇಶ ಪರೀಕ್ಷೆಯಲ್ಲಿ ಮಗು ಸುಮ್ಮನೆ ಕುಳಿತರೆ, ಎದುರಿಗಿರುವ ಟೀಚರಿಗೆ ಅದಕ್ಕೆ ವಿಷಯವೇ ಗೊತ್ತಿಲ್ಲವೆಂದು ಕಾಣುತ್ತದೆ. ಊರಲ್ಲಿ ಕ್ಲಾಸಿಗೇ ಮುಂದಿದ್ದ ಮಗು ಅಲ್ಲಿ 'ವೀಕ್' ಅನ್ನಿಸಿಕೊಳ್ಳುವುದು ಹೀಗೆ. ಮಗುವಿಗೆ ಆಗುವ ನೋವು ದೊಡ್ಡದು. ಶಾಲೆಗೆ ಹೋಗಲು ಹೊಟ್ಟೆನೋವು ಎನ್ನುವುದು, ಮಾತು ಕಡಿಮೆ ಮಾಡುವುದು, ಇವೆಲ್ಲ ಸೋಮಾರಿತನವಲ್ಲ.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಹೊರಡುವ ಆರು ತಿಂಗಳ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ ಗಣಿತ, ವಿಜ್ಞಾನ, ಸಮಾಜ ಪಾಠಗಳ ಮುಖ್ಯ ಪದಗಳನ್ನು ಎಡಕ್ಕೆ ಕನ್ನಡದಲ್ಲಿ, ಬಲಕ್ಕೆ ಇಂಗ್ಲಿಷಿನಲ್ಲಿ ಬರೆಯಿಸಬೇಕು. ಕೇರಳದ ಪಠ್ಯಪುಸ್ತಕಗಳು ಇಂಗ್ಲಿಷ್ ಮಾಧ್ಯಮಕ್ಕೂ ಕನ್ನಡ ಮಾಧ್ಯಮಕ್ಕೂ ಒಂದೇ ಪಾಠಗಳನ್ನಿಟ್ಟು ಬರುವುದರಿಂದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬಹುದು. ಗೊತ್ತಿರುವ ಪಾಠವನ್ನೇ ಇನ್ನೊಂದು ಭಾಷೆಯಲ್ಲಿ ಓದುವಾಗ ಮಗುವಿಗೆ ಹೆದರಿಕೆ ಇರುವುದಿಲ್ಲ. ತುಳು, ಬ್ಯಾರಿ, ಹವ್ಯಕ, ಕೊಂಕಣಿ, ಮರಾಠಿ ಇವುಗಳಲ್ಲಿ ಒಂದನ್ನು ಮನೆಯಲ್ಲಿ, ಕನ್ನಡವನ್ನು ಶಾಲೆಯಲ್ಲಿ, ಮಲಯಾಳವನ್ನು ಬಸ್ಸಿನಲ್ಲಿ ಆಡಿಕೊಂಡು ಬೆಳೆದ ಮಕ್ಕಳು ಇವರು. ಇನ್ನೊಂದು ಭಾಷೆ ಇವರಿಗೆ ಹೊರೆಯಲ್ಲ. ಕಲಿಯಲು ಸಮಯ ಮಾತ್ರ ಕೊಡಬೇಕು.

ಶಾಲೆಯವರಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಹೀಗಿರಲಿ: ಬೇರೆ ಮಾಧ್ಯಮದಿಂದ ಬರುವ ಮಕ್ಕಳಿಗೆ ಇಂಗ್ಲಿಷಿನ ಪ್ರತ್ಯೇಕ ಸಹಾಯ ಉಂಟೋ ಇಲ್ಲವೋ? ಉಂಟಾದರೆ ಯಾರು ಮಾಡುತ್ತಾರೆ, ವಾರಕ್ಕೆ ಎಷ್ಟು ಪಿರಿಯಡ್, ಅದಕ್ಕೆ ಬೇರೆ ಫೀಸು ಉಂಟೋ?

"ಕೇರಳದವರಲ್ಲವೇ, ಮಲಯಾಳ ಬರುವುದಿಲ್ಲವೇ?"

ಗಡಿನಾಡಿನವರಿಗೆ ಮಾತ್ರ ಬರುವ ತೊಡಕು ಇದು. ಪಾಸ್‌ಪೋರ್ಟಿನಲ್ಲಿ ಕೇರಳ, ಟಿಸಿಯಲ್ಲಿ ಕೇರಳ. ಶಾಲೆಯವರು ಎರಡನೇ ಭಾಷೆಯ ಕಾಲಂನಲ್ಲಿ ಮಲಯಾಳ ಎಂದು ಬರೆದುಬಿಟ್ಟರೆ ಆಶ್ಚರ್ಯವಿಲ್ಲ. ಮಗು ಮಲಯಾಳ ಮಾತಾಡುತ್ತದೆ ನಿಜ. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಅದನ್ನು ಓದಿ ಬರೆಯುವ ಅಭ್ಯಾಸ ಇರಬೇಕೆಂದಿಲ್ಲ. ಐದನೇ ಕ್ಲಾಸಿನ ಮಲಯಾಳ ಪುಸ್ತಕವನ್ನು ಅದರ ಕೈಗೆ ಕೊಟ್ಟರೆ ಅಕ್ಷರ ಕೂಡಿಸುವುದಕ್ಕೇ ದಿನ ಹೋಗುತ್ತದೆ.

ಹಿಂದಿ ತೆಗೆದುಕೊಳ್ಳೋಣವೆಂದರೆ ಅಲ್ಲಿಯೂ ಒಂದು ವ್ಯತ್ಯಾಸ. ಕೇರಳದಲ್ಲಿ ಹಿಂದಿ ಶುರುವಾಗುವುದು ಐದನೇ ಕ್ಲಾಸಿನಲ್ಲಿ. ಗಲ್ಫಿನ ಸಿಬಿಎಸ್‌ಇ ಶಾಲೆಗಳಲ್ಲಿ ಒಂದರಿಂದಲೇ ಕಲಿಸುವುದು ಸಾಮಾನ್ಯ. ಹಾಗಾಗಿ ಗ್ರೇಡ್ 5ಕ್ಕೆ ಸೇರುವ ಮಗು ನಾಲ್ಕು ವರ್ಷ ಹಿಂದಿನಿಂದ ಓಟ ಶುರು ಮಾಡಬೇಕು. ಸಿಬಿಎಸ್‌ಇಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಪಟ್ಟಿಯಲ್ಲಿ ಇರುವುದು ಬೇರೆ, ಶಾಲೆಯಲ್ಲಿ ಕಲಿಸುವ ಟೀಚರ್ ಇರುವುದು ಬೇರೆ. ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ಇದರ ಮೇಲೆ ಅರಬಿ. ಯುಎಇಯ ಖಾಸಗಿ ಶಾಲೆಗಳಲ್ಲಿ ಅರಬರಲ್ಲದ ಮಕ್ಕಳೂ ಒಂಬತ್ತನೇ ಗ್ರೇಡಿನ ತನಕ ಅರಬಿಯನ್ನು ಒಂದು ಭಾಷೆಯಾಗಿ ಕಲಿಯಬೇಕು. ಮುಸ್ಲಿಂ ಮಕ್ಕಳಿಗೆ ಇಸ್ಲಾಮಿಕ್ ಎಜುಕೇಶನ್ ಕೂಡ ಕಡ್ಡಾಯ. ಮದ್ರಸದಲ್ಲಿ ಅರಬಿ ಅಕ್ಷರ ಕಲಿತ ಮಕ್ಕಳಿಗೆ ಸ್ವಲ್ಪ ಸಲೀಸು. ಉಳಿದವರಿಗೆ ಬಲದಿಂದ ಎಡಕ್ಕೆ ಬರೆಯುವುದೇ ಹೊಸತು. ಹೊಸಬರಿಗೆ ಬೇರೆ ಗುಂಪು ಮಾಡಿ ಅಲಿಫ್‌ನಿಂದ ಕಲಿಸುವ ವ್ಯವಸ್ಥೆ ಇದೆಯೇ ಎಂದು ವಿಚಾರಿಸಬೇಕು. ಇಂಗ್ಲಿಷ್, ಹಿಂದಿ, ಅರಬಿ ಮೂರನ್ನೂ ಒಂದೇ ವರ್ಷ ಹಿಡಿಯಬೇಕಾದ ಮಗುವನ್ನು ಮೇಲಿನ ಕ್ಲಾಸಿಗೆ ನೂಕುವುದು ಬೇಕೇ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಸಿಗುತ್ತದೆ.

ಒಂಬತ್ತು ದಾಟಿದರೆ ಕಷ್ಟ

ಪ್ರೈಮರಿ ಹಂತದಲ್ಲಿ ಬದಲಾವಣೆ ಸುಲಭ. ಎಂಟು ಮುಗಿಸಿ ಒಂಬತ್ತಕ್ಕೆ ಸೇರುವುದು ಕೊನೆಯ ಬಸ್ಸು ಇದ್ದಂತೆ. ಸಿಬಿಎಸ್‌ಇಯಲ್ಲಿ ಒಂಬತ್ತು ಮತ್ತು ಹತ್ತು ಸೇರಿ ಎರಡು ವರ್ಷಗಳ ಒಂದೇ ಕೋರ್ಸು. ಒಂಬತ್ತರಲ್ಲಿಯೇ ವಿದ್ಯಾರ್ಥಿಯ ಹೆಸರನ್ನು ಮಂಡಳಿಯಲ್ಲಿ ನೋಂದಾಯಿಸುತ್ತಾರೆ. ಬೇರೆ ಮಂಡಳಿಯಲ್ಲಿ ಒಂಬತ್ತು ಓದಿ ನೇರವಾಗಿ ಹತ್ತಕ್ಕೆ ಸೇರಬೇಕಾದರೆ ಹೆತ್ತವರ ವರ್ಗಾವಣೆಯಂಥ ಕಾರಣ, ಅದಕ್ಕೆ ದಾಖಲೆ, ಮಂಡಳಿಯ ಅನುಮತಿ ಇಷ್ಟೂ ಬೇಕು. ಕನ್ನಡ ಮಾಧ್ಯಮದ ಮಗು ಆ ವರ್ಷ ಭಾಷೆಯನ್ನೂ ಬದಲಾಯಿಸಿ ಬೋರ್ಡು ಪರೀಕ್ಷೆಯನ್ನೂ ಬರೆಯುವುದೆಂದರೆ ಎರಡು ದೋಣಿಯಲ್ಲಿ ಕಾಲಿಟ್ಟಂತೆ. ಒಂಬತ್ತು ಮುಗಿದಿದ್ದರೆ ಅಜ್ಜ ಅಜ್ಜಿಯ ಜತೆಗಿದ್ದು ಊರಲ್ಲೇ ಎಸ್ಸೆಸ್ಸೆಲ್ಸಿ ಮುಗಿಸಿ, ನಂತರ ಹನ್ನೊಂದಕ್ಕೆ ಸೇರುವ ಯೋಚನೆ ಮಾಡುವುದು ಒಳ್ಳೆಯದು.

ಕೇರಳ ಸಿಲೆಬಸ್ಸನ್ನೇ ಮುಂದುವರಿಸಬೇಕೆನ್ನುವವರಿಗೆ ಯುಎಇಯಲ್ಲಿ ಅದಕ್ಕೂ ಅವಕಾಶ ಉಂಟು. ಅಬುಧಾಬಿಯ ಮಾಡೆಲ್ ಸ್ಕೂಲ್, ದುಬೈಯ ನ್ಯೂ ಇಂಡಿಯನ್ ಮಾಡೆಲ್ ಸ್ಕೂಲ್ ಮೊದಲಾದ ಕೆಲವು ಶಾಲೆಗಳಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರಗಳಿದ್ದು, ಕೇರಳದ ಪರೀಕ್ಷೆಯನ್ನೇ ಅಲ್ಲಿ ಬರೆಯಬಹುದು. ಪಾಠದ ಕ್ರಮ ಪರಿಚಿತ. ಮಾಧ್ಯಮ ಮಾತ್ರ ಇಂಗ್ಲಿಷು. ಪ್ಲಸ್ ವನ್‌ಗೆ ಊರಿಗೆ ಬರುವ ಅಂದಾಜಿದ್ದರೆ ಈ ದಾರಿಯನ್ನು ತಳ್ಳಿಹಾಕಬೇಕಾಗಿಲ್ಲ.

ಬ್ರಿಟಿಷ್ ಶಾಲೆಯ ವಿಷಯ ಬೇರೆ. ಐಜಿಸಿಎಸ್‌ಇ ಮುಗಿಸಿ ಬಂದವರನ್ನು ಊರಲ್ಲಿ ತೆಗೆದುಕೊಳ್ಳುವುದೇ ಇಲ್ಲ ಎಂಬುದು ಸುಳ್ಳು. ಭಾರತೀಯ ವಿಶ್ವವಿದ್ಯಾಲಯಗಳ ಸಂಘವು ಅದಕ್ಕೆ ತತ್ಸಮಾನ ಪ್ರಮಾಣಪತ್ರ ಕೊಡುತ್ತದೆ. ಆದರೆ ಓದುವ ವಿಷಯಗಳ ಆಯ್ಕೆ ಸರಿಯಿರಬೇಕು, ಫಲಿತಾಂಶ ಬರುವುದು ಆಗಸ್ಟ್‌ನಲ್ಲಿ. ಊರಲ್ಲಿ ಅಷ್ಟು ಹೊತ್ತಿಗೆ ಪ್ಲಸ್ ವನ್ ಪಾಠ ಸಾಕಷ್ಟು ಮುಂದೆ ಹೋಗಿರುತ್ತದೆ. ಮುಂದೆ ಇಂಗ್ಲೆಂಡಿಗೋ ಆಸ್ಟ್ರೇಲಿಯಾಕ್ಕೋ ಹೋಗುವ ತೀರ್ಮಾನ ಇದ್ದವರಿಗೆ ಅದು ಸರಿ. ನಾಲ್ಕು ವರ್ಷ ದುಡಿದು ಊರಲ್ಲಿ ಮನೆ ಕಟ್ಟಿ ಬರುತ್ತೇವೆ ಎನ್ನುವವರಿಗೆ ಭಾರತೀಯ ಪಠ್ಯಕ್ರಮವೇ ಕ್ಷೇಮ.

ಫೀಸು ಎಂದರೆ ಫೀಸು ಮಾತ್ರ ಅಲ್ಲ

ಸಾಮಾನ್ಯವಾಗಿ ಭಾರತೀಯ ಪಠ್ಯಕ್ರಮದ ಶಾಲೆಗಳ ಫೀಸು ಕಡಿಮೆ, ಬ್ರಿಟಿಷ್, ಅಮೆರಿಕನ್, ಐಬಿ ಶಾಲೆಗಳದ್ದು ಹೆಚ್ಚು. ಕೇಳಿದ ಕೂಡಲೇ ಹೇಳುವ ಮೊತ್ತದಲ್ಲಿ ಬಸ್ಸು, ಪುಸ್ತಕ, ಯೂನಿಫಾರ್ಮು ಸೇರಿರುವುದಿಲ್ಲ. ಬಾಡಿಗೆ ಕಡಿಮೆಯೆಂದು ಶಾರ್ಜಾದಲ್ಲಿ ಮನೆ ಮಾಡಿ ದುಬೈಯಲ್ಲಿ ಕೆಲಸ ಮಾಡುವವರು ಬಹಳ. ಮಗುವಿನ ಶಾಲೆ ಯಾವ ಕಡೆ ಎಂದು ಮೊದಲೇ ನಿಶ್ಚಯಿಸದಿದ್ದರೆ ಮಗುವಿನ ಅರ್ಧ ದಿನ ಟ್ರಾಫಿಕ್ಕಿನಲ್ಲಿ ಕಳೆಯುತ್ತದೆ.

ದುಬೈಯ ಖಾಸಗಿ ಶಾಲೆಗಳ ಉಸ್ತುವಾರಿ ಕೆಎಚ್‌ಡಿಎ ಸಂಸ್ಥೆಯದು. ಅಬುಧಾಬಿಯಲ್ಲಿ ಅಡೆಕ್, ಶಾರ್ಜಾದಲ್ಲಿ ಸ್ಪಿಯಾ. ದುಬೈಯ ಪ್ರತಿ ಶಾಲೆಯ ಅಧಿಕೃತ ಫೀಸು ಪಟ್ಟಿಯನ್ನೂ, ಹಿಂದಿನ ವರ್ಷಗಳ ತಪಾಸಣಾ ವರದಿಗಳನ್ನೂ ಕೆಎಚ್‌ಡಿಎ ಬಹಿರಂಗವಾಗಿಟ್ಟಿದೆ. ವರದಿಯಲ್ಲಿ ಕೊಟ್ಟ 'ಗುಡ್', 'ವೆರಿ ಗುಡ್' ಎಂಬ ದರ್ಜೆ ನೋಡುವುದಕ್ಕಿಂತ, ಇಂಗ್ಲಿಷ್ ಕಲಿಕೆ ಮತ್ತು ಹೊಸ ಮಕ್ಕಳ ಕಾಳಜಿಯ ಬಗ್ಗೆ ಅದರಲ್ಲಿ ಏನು ಬರೆದಿದೆ ಎಂದು ಓದುವುದು ಪ್ರಯೋಜನಕರ. ಸಿಬಿಎಸ್‌ಇಯ ಕಚೇರಿಯೂ 2024ರಲ್ಲಿ ದುಬೈಯಲ್ಲಿ ತೆರೆದಿರುವುದರಿಂದ ಮಂಡಳಿಯ ಸಂಶಯಗಳಿಗೆ ದೆಹಲಿಯ ತನಕ ಕಾಗದ ಬರೆಯಬೇಕಾಗಿಲ್ಲ.

ಕಾಗದಪತ್ರದಲ್ಲಿ ಹೆಸರು ಒಂದೇ ಇರಲಿ

ನಮ್ಮಲ್ಲಿ ಶಾಲೆಯ ದಾಖಲೆಯಲ್ಲಿ ಹೆಸರಿನ ಜತೆಗೆ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಜನನ ಪ್ರಮಾಣಪತ್ರದಲ್ಲಿ ಮನೆಯ ಹೆಸರು. ಊರಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಹೊರಗೆ ಹೋದರೆ ಮೂರು ಹೆಸರಿನ ಮೂರು ಮಕ್ಕಳಾಗಿಬಿಡುತ್ತಾರೆ. ಹೊರಡುವ ಒಂದು ವರ್ಷ ಮೊದಲೇ ಮೂರನ್ನೂ ಎದುರಿಗಿಟ್ಟು ಹೋಲಿಸಬೇಕು. ಎಸ್ಸೆಸ್ಸೆಲ್ಸಿ ಪುಸ್ತಕ ಕೈಗೆ ಬಂದ ಮೇಲೆ ತಿದ್ದಿಸುವುದೆಂದರೆ ತಿರುವನಂತಪುರದ ಪರೀಕ್ಷಾ ಭವನದ ತನಕ ಅರ್ಜಿ ಹೋಗಬೇಕು.

ಟಿಸಿ ಈಗ 'ಸಂಪೂರ್ಣ' ಎಂಬ ಕಂಪ್ಯೂಟರ್ ವ್ಯವಸ್ಥೆಯ ಮೂಲಕ ಸಿಗುತ್ತದೆ. ವಿದೇಶಕ್ಕೆ ಒಯ್ಯುವಾಗ ಪ್ರೈಮರಿ ಶಾಲೆಯದ್ದಾದರೆ ಎಇಒ, ಹೈಸ್ಕೂಲಿನದ್ದಾದರೆ ಡಿಇಒ ಕಚೇರಿಯ ಮೇಲುಸಹಿ ಮಾಡಿಸಿಕೊಳ್ಳುವುದು ಒಳ್ಳೆಯದು. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳಿಗೆ ಬೇರೆ ಬೇರೆ ಎಇಒ ಕಚೇರಿಗಳಿವೆ. ಅದರ ಮೇಲೆ ಯಾವ ಅಟೆಸ್ಟೇಶನ್ ಬೇಕೆಂದು ಸೇರುವ ಶಾಲೆಯಿಂದ ಬರವಣಿಗೆಯಲ್ಲಿ ತರಿಸಿಕೊಂಡರೆ ಏಜೆಂಟರ ಬಾಯಿಮಾತಿಗೆ ದುಡ್ಡು ಸುರಿಯುವುದು ತಪ್ಪುತ್ತದೆ. ಜನನ ಪ್ರಮಾಣಪತ್ರ, ಎರಡು ವರ್ಷದ ಅಂಕಪಟ್ಟಿ, ಲಸಿಕೆಯ ಕಾರ್ಡು ಇವುಗಳ ಇಂಗ್ಲಿಷ್ ಪ್ರತಿ ಜತೆಗಿರಲಿ. ಅಲ್ಲಿ ಸೀಟು ಖಚಿತವಾಗುವ ಮೊದಲು ಇಲ್ಲಿ ಟಿಸಿ ತೆಗೆಯುವ ಆತುರ ಬೇಡ.

ಮರಳಿ ಬರುವಾಗ ಕನ್ನಡ ಬೇಕು

ಗಲ್ಫಿನಲ್ಲಿ ಆರೇಳು ವರ್ಷ ಇಂಗ್ಲಿಷಿನಲ್ಲಿ ಓದಿ ಬಂದ ಮಗು ಕನ್ನಡ ಮಾತಾಡುತ್ತದೆ. ಓದಲು ಕೊಟ್ಟರೆ ಒತ್ತಕ್ಷರದಲ್ಲಿ ನಿಲ್ಲುತ್ತದೆ. "ಇನ್ನು ಕನ್ನಡ ಯಾಕೆ?" ಎನ್ನುವವರು ಒಂದು ಲೆಕ್ಕ ನೆನಪಿಡಬೇಕು. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಅವಕಾಶ ಇದೆ. ಮಹಾಜನ ವರದಿಯ ಆಧಾರದಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು ಆ ಪಟ್ಟಿಯಲ್ಲಿವೆ. ಅದಕ್ಕೆ ಇಲ್ಲಿನ ಸಂಸ್ಥೆಯಲ್ಲಿ ಅರ್ಹತಾ ಪರೀಕ್ಷೆ ಪಾಸಾಗಿರಬೇಕು, ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಪ್ಲಸ್ ಟುವನ್ನು ಹೊರದೇಶದಲ್ಲೇ ಮುಗಿಸಿದರೆ ಈ ಬಾಗಿಲು ಮುಚ್ಚುತ್ತದೆ. ಊರಿಗೆ ಬಂದು ಮುಗಿಸಿದರೂ ಕನ್ನಡ ಬರೆಯಲು ಬಾರದಿದ್ದರೆ ಬಾಗಿಲು ತೆರೆದಿದ್ದೂ ಉಪಯೋಗವಿಲ್ಲ. ಕೇರಳ ಪಿಎಸ್‌ಸಿಯ ಕನ್ನಡ ಬಲ್ಲವರ ಹುದ್ದೆಗಳು, ಕನ್ನಡ ಮಾಧ್ಯಮದ ಟೀಚರ್ ಹುದ್ದೆಗಳು ಜಿಲ್ಲೆಯ ಕನ್ನಡಿಗರ ಪಾಲಿನವು. ಅಲ್ಲಿಯೂ ಇದೇ ಮಾತು. ನಿಯಮದ ವಿವರಗಳನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ನೋಡಿಕೊಳ್ಳಬೇಕು.

ಹೆಚ್ಚು ಬೇಡ, ವಾರಕ್ಕೆ ಮೂರು ದಿನ ಅರ್ಧ ಗಂಟೆ ಸಾಕು. ಊರ ಶಾಲೆಯ ಮುಂದಿನ ಕ್ಲಾಸಿನ ಕನ್ನಡ ಪಾಠಪುಸ್ತಕವನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋದರೆ ಅದೇ ಗುರು. ಅಜ್ಜಿಗೆ ತಿಂಗಳಿಗೊಂದು ಕಾಗದ ಕನ್ನಡದಲ್ಲೇ ಬರೆಯಿಸಿದರೆ ಕೈ ತಪ್ಪುವುದಿಲ್ಲ. ದುಬೈಯಲ್ಲಿ ಕನ್ನಡಿಗರು ಸೇರಿ ವಾರದ ರಜೆಯಲ್ಲಿ ಉಚಿತವಾಗಿ ನಡೆಸುವ ಕನ್ನಡ ಪಾಠಶಾಲೆಯೂ ಇದೆ. 2022ರಿಂದ ಯುಎಇಯಲ್ಲಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾಗಿರುವುದರಿಂದ ಮಕ್ಕಳನ್ನು ಕರೆದುಕೊಂಡು ಹೋಗಲು ಅನುಕೂಲ.

ಎಂಟನೇ ಕ್ಲಾಸಿನೊಳಗೆ ಮರಳಿದರೆ ಊರ ಶಾಲೆಯಲ್ಲಿ ಸೀಟಿನ ಚಿಂತೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಮಗುವನ್ನು ಪ್ರಾಯಕ್ಕೆ ತಕ್ಕ ಕ್ಲಾಸಿಗೆ ಸೇರಿಸಿಕೊಳ್ಳಬೇಕು. ಕೆಲಸ ಹೋಗಿ ಗಡಿಬಿಡಿಯಲ್ಲಿ ಮರಳಿದ ಕುಟುಂಬಗಳಿಗೆ ಇದು ತಿಳಿದಿರಬೇಕಾದ ವಿಷಯ.

ಊರ ಶಾಲೆಗೂ ಒಂದು ಮಾತು ಹೇಳಿ

ಮಗು ಹೋಗುವುದು ಮನೆಯವರ ತೀರ್ಮಾನ. ಆದರೆ ಅದರ ಲೆಕ್ಕ ಊರ ಶಾಲೆಯಲ್ಲಿಯೂ ಬೀಳುತ್ತದೆ. ಕೇರಳದಲ್ಲಿ ಜೂನಿನ ಆರನೇ ಕೆಲಸದ ದಿನ ಹಾಜರಿರುವ ಮಕ್ಕಳ ಸಂಖ್ಯೆ ನೋಡಿ ಡಿವಿಷನ್ ಮತ್ತು ಟೀಚರ್ ಹುದ್ದೆ ನಿಶ್ಚಯ ಮಾಡುತ್ತಾರೆ. ಮಕ್ಕಳು ಕಡಿಮೆಯಿರುವ ಕನ್ನಡ ಡಿವಿಷನ್‌ಗಳಲ್ಲಿ ಒಂದೆರಡು ಹೆಸರು ಹೋದರೂ ಒಂದು ಹುದ್ದೆ ಅಲುಗಾಡಬಹುದು. ಹಾಗೆಂದು ಯಾರೂ ಮಗುವನ್ನು ಅಪ್ಪನಿಂದ ದೂರ ಇಡಬೇಕಾಗಿಲ್ಲ. ಹೋಗುವುದು ನಿಶ್ಚಯವಾದರೆ ಮಾರ್ಚಿನಲ್ಲೇ ತಿಳಿಸಿದರೆ ಶಾಲೆಯವರು ಬೇರೆ ಮಕ್ಕಳನ್ನು ಹುಡುಕಿಕೊಳ್ಳಲು ಸಮಯ ಸಿಗುತ್ತದೆ. ಕಲಿಸಿದ ಟೀಚರಲ್ಲಿ ಮಾತಾಡಿದರೆ ಮಗು ಯಾವುದರಲ್ಲಿ ಗಟ್ಟಿ, ಯಾವುದರಲ್ಲಿ ಹಿಂದೆ ಎಂದು ಅವರು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದುಕೊಡಬಹುದು. ಅಲ್ಲಿನ ಟೀಚರಿಗೆ ಪ್ರವೇಶ ಪರೀಕ್ಷೆಯ ಅಂಕಕ್ಕಿಂತ ಆ ನಾಲ್ಕು ಸಾಲು ಹೆಚ್ಚು ಉಪಕಾರಿ.

ಹೊರಡುವ ಮೊದಲು ಮನೆಯವರು ಕುಳಿತು ಮಾತಾಡಬೇಕಾದದ್ದು ಇಷ್ಟೇ. ನಾವು ಅಲ್ಲಿ ಎಷ್ಟು ವರ್ಷ ಇರುತ್ತೇವೆ? ಮಗು ಯಾವ ಕ್ಲಾಸಿನಲ್ಲಿರುವಾಗ ಮರಳಬಹುದು? ಆಗ ಅದರ ಕೈಯಲ್ಲಿ ಯಾವ ಪ್ರಮಾಣಪತ್ರ ಇರಬೇಕು, ಯಾವ ಭಾಷೆ ಉಳಿದಿರಬೇಕು? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಶಾಲೆಯ ಹೆಸರು ತಾನಾಗಿ ಹೊಳೆಯುತ್ತದೆ. ಕ್ಲಾಸಿನ ವಿಷಯದಲ್ಲಿ ಸಂಶಯ ಬಂದರೆ ಒಂದು ಮೆಟ್ಟಲು ಕೆಳಗೆ ಕುಳಿತು ಧೈರ್ಯದಿಂದ ಹತ್ತುವ ಮಗು, ಮೇಲೆ ಕುಳಿತು ಹೆದರುವ ಮಗುವಿಗಿಂತ ಬೇಗ ಮುಂದೆ ಹೋಗುತ್ತದೆ ಎಂಬುದನ್ನು ಹೆತ್ತವರು ನೆನಪಿಟ್ಟುಕೊಂಡರೆ ಸಾಕು.